ಸ್ಕೇಲ್ ಇಳಿಸಿದ ಮೇಲೆ ವಾದ್ಯಗಳೇಕೆ ಒಂದಕ್ಕೊಂದು ಸೇರುತ್ತಿಲ್ಲ?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿ. ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಒಂದು ಪ್ರಾರ್ಥನಾಗೀತೆ ಹಾಡಿಸಿ, ಜೊತೆಗೆ ಪಿಟೀಲು, ಕ್ಲಾರಿನೆಟ್, ಆಲ್ಟೊ ಸ್ಯಾಕ್ಸೊಫೋನ್ ಮತ್ತು ಕೀಬೋರ್ಡ್ ನುಡಿಸುವ ಏರ್ಪಾಡು ಮಾಡಿದ್ದೇನೆ. ಹಾಡು ಇ ಫ್ಲಾಟ್ ಮೇಜರ್‌ನಲ್ಲಿ ಮಿಡಿ ಫೈಲ್ ಆಗಿ ಸಿಕ್ಕಿತು. ಮಕ್ಕಳ ಕಂಠಕ್ಕೆ ಎತ್ತರವಾಯಿತೆಂದು ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ಬರೆಯುವ ಸಾಫ್ಟ್‌ವೇರಿನಲ್ಲಿ ಸಿ ಮೇಜರ್‌ಗೆ ಇಳಿಸಿದೆ. ಆಮೇಲೆ ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ಸಾಲುಗಳನ್ನು ಸೇರಿಸಿ, ಪಿಟೀಲಿನ ಸಾಲನ್ನು ಅಲ್ಲಿಗೆ ನಕಲಿಸಿ, ಕ್ಲಾರಿನೆಟ್ಟಿಗೆ ಒಂದು ಪೂರ್ಣ ಸ್ವರ, ಸ್ಯಾಕ್ಸೊಫೋನಿಗೆ ಒಂದು ಮೇಜರ್ ಸಿಕ್ಸ್ತ್ ಏರಿಸಿದೆ. ಒಟ್ಟಿಗೆ ನುಡಿಸಿದಾಗ ಮೂವರೂ ಮೂರು ದಾರಿ ಹಿಡಿದರು. ಸ್ಯಾಕ್ಸೊಫೋನ್ ಹುಡುಗನ ಹಾಳೆಯಲ್ಲಿ ಆರು ಶಾರ್ಪ್‌ಗಳಿವೆ (ಸ್ವರವನ್ನು ಅರ್ಧಸ್ವರ ಏರಿಸುವ ಚಿಹ್ನೆಗಳು). ಹಾಡಿನ ಮೇಲೆ ಬರೆದ ಗಿಟಾರ್ ಕಾರ್ಡ್‌ಗಳು ಮಾತ್ರ ಹಳೆಯ ಸ್ಕೇಲ್‌ನಲ್ಲೇ ಉಳಿದಿವೆ. ಎಲ್ಲಿ ತಪ್ಪಿದೆ? ಕನ್ನಡ ಸಾಹಿತ್ಯವನ್ನು ಸ್ವರಗಳ ಕೆಳಗೆ ಸರಿಯಾಗಿ ಕೂರಿಸುವುದು ಹೇಗೆ? ಸಹೋದ್ಯೋಗಿಯೊಬ್ಬರ ಬಳಿ ಫಿನಾಲೆ ಎಂಬ ಇನ್ನೊಂದು ಸ್ವರಲಿಪಿ ಸಾಫ್ಟ್‌ವೇರಿನಲ್ಲಿ ಮಾಡಿದ ಹಳೆಯ ಫೈಲ್‌ಗಳಿವೆ, ಅವನ್ನೂ ಉಳಿಸಿಕೊಳ್ಳಬಹುದೆ?

ಉತ್ತರ: ನೀವು ಕಲಿತ ನಿಯಮಗಳಲ್ಲಿ ಯಾವುದೂ ತಪ್ಪಲ್ಲ. ಬಿ ಫ್ಲಾಟ್ ಕ್ಲಾರಿನೆಟ್ಟಿಗೆ ಒಂದು ಪೂರ್ಣ ಸ್ವರ ಏರಿಸಿ ಬರೆಯಬೇಕು, ಇ ಫ್ಲಾಟ್ ಆಲ್ಟೊ ಸ್ಯಾಕ್ಸೊಫೋನಿಗೆ ಒಂದು ಮೇಜರ್ ಸಿಕ್ಸ್ತ್, ಅಂದರೆ 9 ಅರ್ಧಸ್ವರ ಏರಿಸಿ ಬರೆಯಬೇಕು ಎಂಬುದು ಸರಿಯೇ. ಆದರೆ ಆ ಕೆಲಸವನ್ನು ಸಾಫ್ಟ್‌ವೇರ್ ಆಗಲೇ ಮಾಡಿ ಮುಗಿಸಿತ್ತು, ಅದರ ಮೇಲೆ ನೀವು ಇನ್ನೊಮ್ಮೆ ಮಾಡಿದಿರಿ. ವಾದ್ಯಗಳ ಪಟ್ಟಿಯಿಂದ ‘ಬಿ ಫ್ಲಾಟ್ ಕ್ಲಾರಿನೆಟ್’ ಎಂದು ಆರಿಸಿದ ಕ್ಷಣದಿಂದಲೇ ಆ ಸಾಲಿನಲ್ಲಿ ಬರೆದದ್ದು ಕೇಳುವುದಕ್ಕಿಂತ ಒಂದು ಪೂರ್ಣ ಸ್ವರ ಮೇಲಿರಬೇಕೆಂಬುದು ಮ್ಯೂಸ್‌ಸ್ಕೋರ್‌ಗೆ ಗೊತ್ತಿರುತ್ತದೆ. ಪಿಟೀಲಿನ ಸಾಲನ್ನು ಅಲ್ಲಿಗೆ ನಕಲಿಸಿದಾಗ ಅದು ಕೇಳುವ ಸ್ವರವನ್ನು ಹಾಗೇ ಉಳಿಸಿಕೊಂಡು, ಬರೆಯುವ ಸ್ವರವನ್ನು ಮಾತ್ರ ತಾನೇ ಬದಲಿಸುತ್ತದೆ. ಹೀಗಾಗಿ ಸಿ ಮೇಜರ್‌ನ ನಿಮ್ಮ ಹಾಡು ಕ್ಲಾರಿನೆಟ್ ಸಾಲಿನಲ್ಲಿ ಎರಡು ಶಾರ್ಪ್‌ಗಳ ಡಿ ಮೇಜರ್ ಆಗಿಯೂ, ಸ್ಯಾಕ್ಸೊಫೋನ್ ಸಾಲಿನಲ್ಲಿ ಮೂರು ಶಾರ್ಪ್‌ಗಳ ಎ ಮೇಜರ್ ಆಗಿಯೂ ಕಾಣಿಸಿಕೊಂಡಿತ್ತು. ಅದೇ ಸರಿಯಾದ ಹಾಳೆ. ನೀವು ಮತ್ತೆ ಏರಿಸಿದ್ದರಿಂದ ಕ್ಲಾರಿನೆಟ್ ನಾಲ್ಕು ಶಾರ್ಪ್‌ಗಳ ಇ ಮೇಜರ್‌ಗೂ, ಸ್ಯಾಕ್ಸೊಫೋನ್ ಆರು ಶಾರ್ಪ್‌ಗಳ ಎಫ್ ಶಾರ್ಪ್ ಮೇಜರ್‌ಗೂ ಹೋದವು. ವೇದಿಕೆಯ ಮೇಲೆ ಆಗ ಕೇಳುವುದು ಮಕ್ಕಳು ಮತ್ತು ಪಿಟೀಲಿನಿಂದ ಸಿ ಮೇಜರ್, ಕ್ಲಾರಿನೆಟ್ಟಿನಿಂದ ಡಿ ಮೇಜರ್, ಸ್ಯಾಕ್ಸೊಫೋನಿನಿಂದ ಎ ಮೇಜರ್. ಆ ಹುಡುಗರು ಹಾಳೆಯಲ್ಲಿದ್ದದ್ದನ್ನು ಶ್ರದ್ಧೆಯಿಂದ ನುಡಿಸಿದ್ದಾರೆ ಎಂಬುದನ್ನು ದಯವಿಟ್ಟು ಅವರಿಗೆ ಹೇಳಿ.

‘ಟ್ರಾನ್ಸ್‌ಪೋಸ್’ ಎಂಬ ಒಂದೇ ಮಾತಿನಡಿ ಎರಡು ಬೇರೆ ಬೇರೆ ಕೆಲಸಗಳು ಬರುತ್ತವೆ ಎಂಬುದನ್ನು ಒಮ್ಮೆ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ಹಾಡಿನ ಶ್ರುತಿಯನ್ನೇ ಬದಲಿಸುವುದು ಒಂದು. ಅಲ್ಲಿ ಕೇಳುವ ನಾದವೇ ಬದಲಾಗುತ್ತದೆ, ಎಲ್ಲ ಸಾಲುಗಳೂ ಒಟ್ಟಿಗೆ ಇಳಿಯುತ್ತವೆ ಅಥವಾ ಏರುತ್ತವೆ. ಕೇಳುವ ನಾದವನ್ನು ಇದ್ದಲ್ಲೇ ಇಟ್ಟು ಒಂದು ವಾದ್ಯಕ್ಕೆ ಬೇಕಾದ ರೀತಿಯಲ್ಲಿ ಬರೆದುಕೊಡುವುದು ಇನ್ನೊಂದು. ಮೊದಲನೆಯದು ನಿಮ್ಮ ತೀರ್ಮಾನ, ‘ಟೂಲ್ಸ್’ ಮೆನುವಿನ ಟ್ರಾನ್ಸ್‌ಪೋಸ್ ಆಜ್ಞೆ ಇರುವುದು ಅದಕ್ಕಾಗಿ. ಎರಡನೆಯದು ವಾದ್ಯದ ಗುಣ. ಅದನ್ನು ವಾದ್ಯದ ಆಯ್ಕೆಗೇ ಬಿಟ್ಟುಬಿಡಬೇಕು, ಆ ಆಜ್ಞೆಯಿಂದ ಎಂದೂ ಮಾಡಬಾರದು. ಕರ್ನಾಟಕ ಸಂಗೀತದ ಅಭ್ಯಾಸ ಇರುವವರಿಗೆ ಇಲ್ಲಿ ತೊಡಕಾಗುವುದು ಸಹಜ. ಸರಿಗಮ ಲಿಪಿಯಲ್ಲಿ ಬರೆದ ಕೃತಿಯನ್ನು ಒಂದು ಮನೆ ಶ್ರುತಿಯಲ್ಲಿ ಹಾಡಿದರೂ ಐದೂವರೆ ಮನೆಯಲ್ಲಿ ಹಾಡಿದರೂ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಐದು ಗೆರೆಗಳ ಮೇಲೆ ಬರೆಯುವ ಸ್ಟಾಫ್ ನೊಟೇಶನ್ ಪ್ರತಿ ಸ್ವರವನ್ನೂ ಒಂದು ನಿಶ್ಚಿತ ಎತ್ತರಕ್ಕೆ ಕಟ್ಟಿಹಾಕುವುದರಿಂದ ಶ್ರುತಿ ಬದಲಾದರೆ ಹಾಳೆಯನ್ನೇ ಮತ್ತೆ ಬರೆಯಬೇಕಾಗುತ್ತದೆ. ಕರಾವಳಿಯಲ್ಲಿ ಕದ್ರಿ ಗೋಪಾಲನಾಥರ ದಾರಿಯಲ್ಲಿ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕೀರ್ತನೆಗಳನ್ನು ಕಲಿತವರು ಅನೇಕರಿದ್ದಾರೆ. ನಿಮ್ಮ ವಿದ್ಯಾರ್ಥಿಯೂ ಹಾಗೆ ಕಲಿತವನಾದರೆ, ಈ ಹಾಡಿನಲ್ಲಿ ಅವನ ಹಾಳೆಯ ಎ ಸ್ವರವೇ ಷಡ್ಜ ಎಂದು ಹೇಳಿಬಿಡಿ. ಮೂರು ಶಾರ್ಪ್‌ಗಳ ಭಯ ಅರ್ಧ ಕಡಿಮೆಯಾಗುತ್ತದೆ.

ಈಗ ಫೈಲನ್ನು ಸರಿಪಡಿಸುವ ಮಾತು. ಏರಿಸಿದ್ದನ್ನು ಇಳಿಸಿ ಲೆಕ್ಕ ಸರಿಮಾಡಲು ಹೋಗಬೇಡಿ, ಅದರಲ್ಲಿ ಕೀ ಸಿಗ್ನೇಚರ್ (ಸಾಲಿನ ಆರಂಭದಲ್ಲಿ ಸ್ಕೇಲ್ ತಿಳಿಸುವ ಚಿಹ್ನೆಗಳು) ಒಂದೆಡೆ, ಸ್ವರಗಳು ಒಂದೆಡೆ ಉಳಿದುಹೋಗುವ ಸಂಭವವಿದೆ. ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ಸಾಲುಗಳನ್ನು ವಾದ್ಯಗಳ ಪಟ್ಟಿಯಿಂದಲೇ ತೆಗೆದುಹಾಕಿ, ಮತ್ತೆ ಸೇರಿಸಿ, ಪಿಟೀಲಿನ ಸಾಲನ್ನು ಮತ್ತೆ ನಕಲಿಸಿ, ಅಲ್ಲಿಗೇ ಬಿಡಿ. ಆಮೇಲೆ ಪರದೆಯ ಕೆಳಗಡೆ ಬಲಬದಿಯಲ್ಲಿರುವ ‘ಕನ್ಸರ್ಟ್ ಪಿಚ್’ ಗುಂಡಿಯನ್ನು ಒತ್ತಿ ನೋಡಿ. ಅದು ಆನ್ ಆಗಿದ್ದಾಗ ಎಲ್ಲ ವಾದ್ಯಗಳೂ ಕೇಳುವ ಎತ್ತರದಲ್ಲೇ ಕಾಣಿಸುತ್ತವೆ, ಆಫ್ ಆಗಿದ್ದಾಗ ಪ್ರತಿ ವಾದ್ಯವೂ ತಾನು ಓದುವ ಎತ್ತರದಲ್ಲಿ ಕಾಣಿಸುತ್ತದೆ. ಒಂದೇ ರಾಗಸಾಲನ್ನು ನುಡಿಸುವ ಪಿಟೀಲು, ಕ್ಲಾರಿನೆಟ್, ಸ್ಯಾಕ್ಸೊಫೋನ್ ಮೂರೂ ಕನ್ಸರ್ಟ್ ಪಿಚ್‌ನಲ್ಲಿ ಗೆರೆಗೆ ಗೆರೆ ಒಂದೇ ಆಗಿ ಕಾಣಬೇಕು. ಕಂಡರೆ ಫೈಲ್ ಸರಿಯಿದೆ, ಇಲ್ಲವಾದರೆ ಎಲ್ಲೋ ಎರಡು ಸಲ ಏರಿಸಿದ್ದೀರಿ. ಇಷ್ಟು ಖಚಿತವಾದ ಪರೀಕ್ಷೆ ಬೇರೊಂದಿಲ್ಲ. ಕಂಪ್ಯೂಟರ್ ನುಡಿಸಿದ್ದನ್ನು ಕೇಳಿ ತೀರ್ಮಾನಿಸುವುದಕ್ಕಿಂತ ಇದು ಮೇಲು, ಏಕೆಂದರೆ ಹಿಮ್ಮೇಳ ದಟ್ಟವಾಗಿರುವಾಗ ಕಿವಿ ತಪ್ಪಿಸಿಕೊಳ್ಳುವುದನ್ನು ಕಣ್ಣು ಹಿಡಿಯುತ್ತದೆ. ಶ್ರುತಿ ಬದಲಿಸುವುದು, ಸ್ವರ ತಿದ್ದುವುದು ಮುಂತಾದ ಎಲ್ಲ ಕೆಲಸವನ್ನೂ ಕನ್ಸರ್ಟ್ ಪಿಚ್ ಆನ್ ಇಟ್ಟುಕೊಂಡೇ ಮಾಡಿ, ಮುದ್ರಿಸುವ ಮುನ್ನ ಆಫ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಟ್ರಾನ್ಸ್‌ಪೋಸ್ ಆಜ್ಞೆಯಲ್ಲಿ ಎಷ್ಟು ಇಳಿಸಬೇಕೆಂಬುದನ್ನು ತಲುಪಬೇಕಾದ ಕೀ, ಅಂದರೆ ಸ್ಕೇಲ್, ಹೇಳಿ ತಿಳಿಸಬಹುದು ಅಥವಾ ಇಂಟರ್ವಲ್, ಅಂದರೆ ಸ್ವರಗಳ ನಡುವಿನ ಅಂತರ, ಹೇಳಿ ತಿಳಿಸಬಹುದು. ಹೊಸಬರು ಕೀ ಹೇಳುವುದೇ ಕ್ಷೇಮ. ಇ ಫ್ಲಾಟ್‌ನಿಂದ ಸಿ ಗೆ ಇಳಿಯುವುದೆಂದರೆ 3 ಅರ್ಧಸ್ವರ, ಅದು ಮೈನರ್ ಥರ್ಡ್. ಆದರೆ ಆಗ್ಮೆಂಟೆಡ್ ಸೆಕೆಂಡ್ ಕೂಡ 3 ಅರ್ಧಸ್ವರವೇ, ಅದನ್ನು ಆರಿಸಿದರೆ ಇ ಫ್ಲಾಟ್ ಸ್ವರವು ಡಿ ಡಬಲ್ ಫ್ಲಾಟ್ ಆಗಿ ಬಂದು ಕೂರುತ್ತದೆ. ಕಿವಿಗೆ ಒಂದೇ, ಓದುವವರಿಗೆ ಹಿಂಸೆ. ಕೀ ಸಿಗ್ನೇಚರನ್ನೂ ಕಾರ್ಡ್‌ಗಳನ್ನೂ ಜೊತೆಗೆ ಬದಲಿಸುವ ಗುರುತುಗಳು ಆನ್ ಇವೆಯೇ ನೋಡಿಕೊಳ್ಳಿ. ಪ್ಯಾಲೆಟ್‌ನಿಂದ ಹೊಸ ಕೀ ಸಿಗ್ನೇಚರನ್ನು ಎಳೆದು ಹಾಡಿನ ಮೊದಲಿಗೆ ಹಾಕಿದರೆ ಸ್ಕೇಲ್ ಬದಲಾಯಿತೆಂದು ಕೆಲವರು ತಿಳಿಯುತ್ತಾರೆ. ಹಾಗೆ ಮಾಡಿದರೆ ಸ್ವರಗಳು ಇದ್ದಲ್ಲೇ ಇರುತ್ತವೆ, ಅವುಗಳ ಮುಂದೆ ಫ್ಲಾಟ್ (ಅರ್ಧಸ್ವರ ಇಳಿಸುವ) ಚಿಹ್ನೆಗಳ ಸಂತೆ ನೆರೆಯುತ್ತದೆ, ಅಷ್ಟೆ.

ನಿಮ್ಮ ಕಾರ್ಡ್‌ಗಳು ಅಲುಗದಿರಲು ಮೇಲೆ ಹೇಳಿದ ಕಾರ್ಡ್‌ಗಳ ಗುರುತು ಆಫ್ ಆಗಿದ್ದದ್ದು ಕಾರಣವಿರಬಹುದು, ಇಲ್ಲವೇ ಅವನ್ನು ಸಾಮಾನ್ಯ ಪಠ್ಯವಾಗಿ ಬರೆದಿರಬೇಕು. ಸ್ವರವೊಂದನ್ನು ಆರಿಸಿ ಕಂಟ್ರೋಲ್ ಮತ್ತು ಕೆ ಒತ್ತಿ ಬರೆದದ್ದು ಮಾತ್ರ ಸಾಫ್ಟ್‌ವೇರಿನ ದೃಷ್ಟಿಯಲ್ಲಿ ಕಾರ್ಡ್. ಕಂಟ್ರೋಲ್ ಮತ್ತು ಟಿ ಒತ್ತಿ ಬರೆದದ್ದು ಬರಿಯ ಅಕ್ಷರ, ‘ನಿಧಾನವಾಗಿ’ ಎಂದು ಬರೆದಂತೆಯೇ. ಹಾಗೆ ಬರೆದಿದ್ದರೆ ಅವನ್ನು ಅಳಿಸಿ ಸರಿಯಾಗಿ ಬರೆಯಿರಿ. ಮುಂದೆ ಎಷ್ಟು ಸಲ ಶ್ರುತಿ ಬದಲಿಸಿದರೂ ಅವು ಹಾಡಿನ ಜೊತೆಗೇ ಸಾಗುತ್ತವೆ.

ಇಷ್ಟಾದರೆ ವಾದ್ಯಗಳು ಒಂದೇ ಶ್ರುತಿಗೆ ಬರುತ್ತವೆ. ಆದರೆ ಸಂಪಾದನೆಯ ಕೆಲಸ ಶುರುವಾಗುವುದೇ ಇಲ್ಲಿಂದ, ಮತ್ತು ನೀವು ಹೆಚ್ಚು ಸಮಯ ಕೊಡಬೇಕಾದದ್ದೂ ಇಲ್ಲಿಗೇ.

ಮೊದಲನೆಯದಾಗಿ, ನಿಮ್ಮ ಮೂಲ ಫೈಲ್ ಮಿಡಿ ಎಂಬುದನ್ನು ಮರೆಯಬೇಡಿ. 1983ರಲ್ಲಿ ಬಂದ ಮಿಡಿ ವ್ಯವಸ್ಥೆ ವಾದ್ಯದಿಂದ ವಾದ್ಯಕ್ಕೆ ನುಡಿಸಾಣಿಕೆಯ ಸೂಚನೆ ಕಳಿಸಲು ಹುಟ್ಟಿದ್ದೇ ಹೊರತು ಹಾಳೆ ಬರೆಯಲು ಅಲ್ಲ. ಅದರಲ್ಲಿ ಸ್ವರಗಳು 0ಯಿಂದ 127ರವರೆಗಿನ ಸಂಖ್ಯೆಗಳು ಮಾತ್ರ. ಮಧ್ಯದ ಸಿ ಎಂದರೆ 60. ಅದರ ಮೇಲಿನ 61 ಸಿ ಶಾರ್ಪೋ ಡಿ ಫ್ಲಾಟೋ ಎಂಬುದನ್ನು ಮಿಡಿ ಹೇಳುವುದಿಲ್ಲ, ತೆರೆಯುವ ಸಾಫ್ಟ್‌ವೇರ್ ಊಹಿಸುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಇ ಫ್ಲಾಟ್ ಮೇಜರ್‌ನಲ್ಲಿ ಜಿ ಸ್ವರಕ್ಕೆ ಹತ್ತುವ ಮುನ್ನ ಅರ್ಧಸ್ವರ ಕೆಳಗಿನಿಂದ ಒಂದು ಸ್ಪರ್ಶ ಇದೆ ಎಂದುಕೊಳ್ಳಿ. ಅದು ಎಫ್ ಶಾರ್ಪ್, ಅಲ್ಲಿಂದ ಜಿ. ಸಾಫ್ಟ್‌ವೇರ್ ಅದನ್ನು ಜಿ ಫ್ಲಾಟ್ ಎಂದು ಊಹಿಸಿತೆನ್ನಿ. ನೀವು ಸಿ ಮೇಜರ್‌ಗೆ ಇಳಿಸಿದಾಗ ಡಿ ಶಾರ್ಪ್‌ನಿಂದ ಇ ಗೆ ಏರಬೇಕಾದ ಜಾಗದಲ್ಲಿ ಇ ಫ್ಲಾಟ್, ಅದರ ಪಕ್ಕದಲ್ಲೇ ಆ ಫ್ಲಾಟನ್ನು ರದ್ದುಮಾಡುವ ನ್ಯಾಚುರಲ್ ಚಿಹ್ನೆಯ ಇ ಬಂದು ನಿಲ್ಲುತ್ತದೆ. ಒಂದೇ ಗೆರೆಯ ಮೇಲೆ ಎರಡು ಚಿಹ್ನೆ. ಏರುವ ಸ್ವರ ಏರುವಂತೆ ಕಾಣುವುದೇ ಇಲ್ಲ. ಅದೇ ಊಹೆ ಕ್ಲಾರಿನೆಟ್ ಹಾಳೆಗೂ ಸ್ಯಾಕ್ಸೊಫೋನ್ ಹಾಳೆಗೂ ತನ್ನದೇ ರೂಪದಲ್ಲಿ ಹರಡುತ್ತದೆ. ಆದ್ದರಿಂದ ಇಂಥವನ್ನು ಮೂಲ ಸ್ಕೇಲ್‌ನಲ್ಲಿರುವಾಗಲೇ, ಇಳಿಸುವ ಮೊದಲೇ, ಬೇರೆ ವಾದ್ಯಗಳಿಗೆ ನಕಲಿಸುವ ಮೊದಲೇ ತಿದ್ದಬೇಕು. ಸ್ವರವನ್ನು ಆರಿಸಿ ಜೆ ಅಕ್ಷರ ಒತ್ತಿದರೆ ಅದೇ ನಾದದ ಇನ್ನೊಂದು ಬರಹರೂಪ ಬರುತ್ತದೆ. ನೀವು ಫೈಲನ್ನು ಹೇಗೂ ಮತ್ತೆ ಕಟ್ಟುತ್ತಿದ್ದೀರಿ, ಆದ್ದರಿಂದ ಇಲ್ಲಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಮಿಡಿಯಿಂದ ಬಂದ ಫೈಲ್‌ನಲ್ಲಿ ಸ್ವರಗಳ ಕಾಲಪ್ರಮಾಣವೂ ಚೂರುಚೂರಾಗಿರುತ್ತದೆ. ಒಂದು ಕಾಲು ಸ್ವರ ಇರಬೇಕಾದಲ್ಲಿ ಸಣ್ಣ ಸ್ವರ ಮತ್ತು ಸಣ್ಣ ವಿರಾಮ ಸೇರಿ ಕೂತಿರುತ್ತವೆ. ಅವನ್ನೂ ಆಗಲೇ ಒರೆಸಿ ಸರಿಮಾಡಿ.

ಚಿಹ್ನೆಗಳ ವಿಚಾರದಲ್ಲಿ ಇನ್ನೊಂದು ಮಾತು. ಮೂಲದಲ್ಲಿ ಎ ನ್ಯಾಚುರಲ್ ಆಗಿದ್ದದ್ದು ಸಿ ಮೇಜರ್‌ನಲ್ಲಿ ಎಫ್ ಶಾರ್ಪ್ ಆಗುತ್ತದೆ, ಅದು ಸರಿ. ಮುಂದಿನ ಬಾರ್‌ನಲ್ಲಿ ಸಾದಾ ಎಫ್ ಬಂದರೆ ವ್ಯಾಕರಣದ ಪ್ರಕಾರ ಯಾವ ಚಿಹ್ನೆಯೂ ಬೇಕಿಲ್ಲ, ಆದರೆ ಮಕ್ಕಳು ಅದನ್ನೂ ಶಾರ್ಪ್ ಎಂದೇ ನುಡಿಸುತ್ತಾರೆ. ಅಂಥ ಕಡೆ ಕಂಸದೊಳಗೊಂದು ನ್ಯಾಚುರಲ್ ಚಿಹ್ನೆಯನ್ನು ನೀವೇ ಹಾಕಿಕೊಡಿ.

ಎರಡನೆಯದು, ಕಂಠ ಮತ್ತು ವಾದ್ಯಗಳ ವ್ಯಾಪ್ತಿ. ಶಾಲಾ ಗೀತೆಗಳ ರಾಗಸಾಲು ಸಾಮಾನ್ಯವಾಗಿ ಒಂದು ಸ್ಥಾಯಿಗಿಂತ ಸ್ವಲ್ಪ ಹೆಚ್ಚು ಹರಡಿರುತ್ತದೆ. ನಿಮ್ಮದು ಸ್ಟಾಫಿನ ಕೆಳಗೆರೆಯ ಇ ಫ್ಲಾಟ್‌ನಿಂದ ಮೇಲುಗೆರೆಯ ಎಫ್‌ವರೆಗೆ ಇದೆ ಎಂದಿಟ್ಟುಕೊಳ್ಳೋಣ. ಸಿ ಗೆ ಇಳಿಸಿದರೆ ಅದು ಮಧ್ಯದ ಸಿ ಯಿಂದ ನಾಲ್ಕನೆಯ ಗೆರೆಯ ಡಿ ವರೆಗೆ ಬರುತ್ತದೆ, ಮಕ್ಕಳಿಗೆ ಹಿತವಾದ ಜಾಗ. ಬಿ ಫ್ಲಾಟ್‌ವರೆಗೆ ಇಳಿಸಿದ್ದರೆ ಕ್ಲಾರಿನೆಟ್ಟಿಗೆ ಸಿ ಮೇಜರ್, ಸ್ಯಾಕ್ಸೊಫೋನಿಗೆ ಒಂದೇ ಶಾರ್ಪ್‌ನ ಜಿ ಮೇಜರ್ ಸಿಗುತ್ತಿತ್ತು. ಬ್ಯಾಂಡ್‌ನವರು ಫ್ಲಾಟ್ ಇರುವ ಸ್ಕೇಲ್‌ಗಳನ್ನು ಇಷ್ಟಪಡುವುದು ಇದಕ್ಕೇ. ಆದರೆ ಆಗ ಮಕ್ಕಳ ಕೆಳಗಿನ ಸ್ವರಗಳು ಮಧ್ಯದ ಸಿ ಗಿಂತಲೂ ಕೆಳಗಿಳಿದು ಸಭಾಂಗಣದಲ್ಲಿ ಕೇಳಿಸದಂತಾಗುತ್ತವೆ. ಪಿಟೀಲಿನ ದೃಷ್ಟಿಯಿಂದ ನೋಡಿದರೂ ಸಿ ಮೇಜರ್ ಒಳ್ಳೆಯದು. ಪಾಶ್ಚಾತ್ಯ ಶ್ರುತಿಯಲ್ಲಿ ಕಟ್ಟಿದ ಪಿಟೀಲಿನ ಜಿ, ಡಿ, ಎ, ಇ ನಾಲ್ಕು ಬಿಡಿ ತಂತಿಗಳೂ ಸಿ ಮೇಜರ್‌ನಲ್ಲಿ ಸಲ್ಲುತ್ತವೆ, ಇ ಫ್ಲಾಟ್ ಮೇಜರ್‌ನಲ್ಲಿ ಎರಡು ಮಾತ್ರ. ಹಾಡುವವರಿರುವ ಕಡೆ ಶ್ರುತಿಯನ್ನು ಕಂಠವೇ ನಿರ್ಧರಿಸಬೇಕು, ವಾದ್ಯದವರು ಹೊಂದಿಕೊಳ್ಳಬೇಕು. ನಿಮ್ಮ ಆಯ್ಕೆಯನ್ನು ಬದಲಿಸಬೇಡಿ.

ಆದರೆ ಕ್ಲಾರಿನೆಟ್ ಹುಡುಗಿಗೋ ಹುಡುಗನಿಗೋ ಒಂದು ಕಷ್ಟ ಉಳಿಯುತ್ತದೆ, ಅದನ್ನು ಯಾವ ಸಾಫ್ಟ್‌ವೇರೂ ತೋರಿಸುವುದಿಲ್ಲ. ವಾದ್ಯದ ಮಿತಿ ಮೀರಿದ ಸ್ವರಗಳನ್ನು ಮ್ಯೂಸ್‌ಸ್ಕೋರ್ ಪರದೆಯ ಮೇಲೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ, ಸರಿ. ಆದರೆ ಮಿತಿಯೊಳಗಿದ್ದೂ ಬೆರಳಿಗೆ ಒಗ್ಗದ ಜಾಗಗಳಿವೆ. ಹಾಡಿನಲ್ಲಿ ಜಿ, ಎ, ಬಿ ಎಂದು ಮೇಲೇರುವ ಪದಗುಚ್ಛವನ್ನು ತೆಗೆದುಕೊಳ್ಳಿ. ಕ್ಲಾರಿನೆಟ್ ಹಾಳೆಯಲ್ಲಿ ಅದು ಎ, ಬಿ, ಸಿ ಶಾರ್ಪ್. ಎರಡನೆಯ ಜಾಗದ ಎ ಸ್ವರಕ್ಕೆ ವಾದ್ಯದ ರಂಧ್ರಗಳೆಲ್ಲ ತೆರೆದಿರುತ್ತವೆ. ಅದರ ಮುಂದಿನ, ಮೂರನೆಯ ಗೆರೆಯ ಬಿ ಸ್ವರಕ್ಕೆ ಎಲ್ಲ ಬೆರಳುಗಳನ್ನೂ ಒಮ್ಮೆಲೇ ಮುಚ್ಚಿ ಹೆಬ್ಬೆರಳಿನಿಂದ ರಿಜಿಸ್ಟರ್ ಕೀ ಒತ್ತಬೇಕು. ವಾದಕರು ಇದನ್ನು ‘ಬ್ರೇಕ್’ ಎನ್ನುತ್ತಾರೆ. ಕಲಿಕೆಯ ಮೊದಲ ವರ್ಷಗಳಲ್ಲಿ ಅಲ್ಲಿ ಸ್ವರ ಕೀರಲಾಗುವುದು, ತಡವಾಗುವುದು ಸಹಜ. ಇಡೀ ಸಾಲನ್ನು ಒಂದು ಸ್ಥಾಯಿ ಕೆಳಗಿಳಿಸಿ ತಪ್ಪಿಸಿಕೊಳ್ಳೋಣವೆಂದರೆ, ಹಾಡಿನ ಅತಿ ಕೆಳಗಿನ ಸಿ ಸ್ವರ ಕ್ಲಾರಿನೆಟ್ ಹಾಳೆಯಲ್ಲಿ ಆ ವಾದ್ಯದ ಕೊನೆಯ ಸ್ವರವಾದ ಇ ಗಿಂತಲೂ ಕೆಳಗಿನ ಡಿ ಗೆ ಇಳಿದುಬಿಡುತ್ತದೆ, ಅದು ವಾದ್ಯದಲ್ಲಿಯೇ ಇಲ್ಲ. ಆದ್ದರಿಂದ ಬ್ರೇಕ್ ದಾಟುವ ಪದಗುಚ್ಛಗಳನ್ನು ಮಾತ್ರ ಆರಿಸಿ, ಕಂಟ್ರೋಲ್ ಒತ್ತಿಹಿಡಿದು ಕೆಳಬಾಣ ಒತ್ತಿ ಒಂದು ಸ್ಥಾಯಿ ಇಳಿಸಿ. ಪದಗುಚ್ಛದ ನಡುವೆ ಮುರಿಯಬೇಡಿ, ಉಸಿರು ತೆಗೆಯುವ ಜಾಗದಿಂದ ಉಸಿರು ತೆಗೆಯುವ ಜಾಗದವರೆಗೆ ಇಳಿಸಿ. ಕೆಳಸ್ಥಾಯಿಯ ಕ್ಲಾರಿನೆಟ್ ನಾದ ಮಕ್ಕಳ ಕಂಠದಡಿಯಲ್ಲಿ ಬಹಳ ಚೆನ್ನಾಗಿ ಕೂರುತ್ತದೆ. ಸ್ಯಾಕ್ಸೊಫೋನಿಗೆ ಈ ತೊಂದರೆಯಿಲ್ಲ. ಅದರ ಹಾಳೆಯಲ್ಲಿ ಸಾಲು ಎರಡನೆಯ ಜಾಗದ ಎ ಯಿಂದ ಸ್ಟಾಫಿನ ಮೇಲಿನ ಬಿ ವರೆಗೆ ಬರುತ್ತದೆ. ಆದರೆ ಆ ವಾದ್ಯ ಮಕ್ಕಳ ಧ್ವನಿಯನ್ನು ಸುಲಭವಾಗಿ ನುಂಗುತ್ತದೆ. ಹಾಡಿರುವಷ್ಟು ಹೊತ್ತು ಅದಕ್ಕೆ ವಿರಾಮ ಕೊಟ್ಟು, ಚರಣಗಳ ನಡುವಿನ ಬಿಜಿಎಂ ಭಾಗವನ್ನು ಅದಕ್ಕೇ ಒಪ್ಪಿಸಿದರೆ ಚೆನ್ನ.

ಕೀಬೋರ್ಡ್ ಎಡಗೈಯನ್ನೂ ಒಮ್ಮೆ ನೋಡಿ. ಕೆಳಸ್ಥಾಯಿಯಲ್ಲಿ ಒತ್ತೊತ್ತಾಗಿ ಬರೆದ ಕಾರ್ಡ್‌ಗಳು 3 ಅರ್ಧಸ್ವರ ಇಳಿದ ಮೇಲೆ ರಾಡಿಯಾಗಿ ಕೇಳುತ್ತವೆ. ಅಲ್ಲಿ ನಡುವಿನ ಸ್ವರವನ್ನು ಬಲಗೈಗೆ ಕೊಟ್ಟು ಎಡಗೈಯಲ್ಲಿ ಮೂಲ ಸ್ವರ ಮತ್ತು ಪಂಚಮವನ್ನಷ್ಟೇ ಉಳಿಸಿ. ಬೆರಳುಗಳ ಸಂಖ್ಯೆ ಬರೆದಿದ್ದರೆ ಅಳಿಸಿಬಿಡಿ, ಇ ಫ್ಲಾಟ್‌ನ ಬೆರಳಿಕೆ ಸಿ ಮೇಜರ್‌ಗೆ ಹೊಂದುವುದಿಲ್ಲ. ಕೀಬೋರ್ಡ್ ನುಡಿಸುವವರು ಆರ್ಕೆಸ್ಟ್ರಾಗಳಲ್ಲಿ ಪಳಗಿದವರಾದರೆ ಹಾಳೆಯನ್ನು ನೋಡುವ ಮೊದಲೇ ವಾದ್ಯದ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತುವ ರೂಢಿ ಇರುತ್ತದೆ. ಹಾಳೆಯೇ ಸಿ ಮೇಜರ್‌ನಲ್ಲಿದೆ, ಗುಂಡಿ ಸೊನ್ನೆಯಲ್ಲಿರಲಿ ಎಂದು ಹಾಳೆಯ ಮೇಲುಗಡೆಯೇ ಬರೆದುಕೊಡಿ.

ಕನ್ನಡ ಸಾಹಿತ್ಯದ ವಿಷಯಕ್ಕೆ ಬರುತ್ತೇನೆ. ಸ್ವರವನ್ನು ಆರಿಸಿ ಕಂಟ್ರೋಲ್ ಮತ್ತು ಎಲ್ ಒತ್ತಿ ಬರೆಯಲು ಆರಂಭಿಸಿ. ಸ್ಪೇಸ್ ಒತ್ತಿದರೆ ಮುಂದಿನ ಸ್ವರಕ್ಕೆ ಹೋಗುತ್ತದೆ, ಅಡ್ಡಗೆರೆ ಒತ್ತಿದರೆ ಅದೇ ಪದದ ಮುಂದಿನ ಅಕ್ಷರಕ್ಕೆ ಹೋಗುತ್ತದೆ, ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಎಳೆಯುವಲ್ಲಿ ಅಂಡರ್‌ಸ್ಕೋರ್ ಬಳಸಬೇಕು. ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಸಾಹಿತ್ಯವನ್ನು ನೇರವಾಗಿ ಅಂಟಿಸಿದರೆ ಬರುವುದು ಅರ್ಥವಿಲ್ಲದ ಚಿಹ್ನೆಗಳು, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ‘ಫಾರ್ಮ್ಯಾಟ್’ ಮೆನುವಿನ ‘ಸ್ಟೈಲ್’ ಕಿಟಕಿಗೆ ಹೋಗಿ ಸಾಹಿತ್ಯದ ಸಾಲುಗಳಿಗೆ ನೋಟೊ ಸೆರಿಫ್ ಕನ್ನಡದಂಥ ಒಂದು ಅಕ್ಷರಶೈಲಿಯನ್ನು ನಿಗದಿ ಮಾಡಿಬಿಟ್ಟರೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವ ತೊಂದರೆ ಕಡಿಮೆ. ಪದವನ್ನು ಒಡೆಯುವಾಗ ಒತ್ತಕ್ಷರವನ್ನು ಒಡೆಯಬಾರದು. ‘ಸ್ತೋತ್ರ’ವನ್ನು ‘ಸ್ತೋ’ ಮತ್ತು ‘ತ್ರ’ ಎಂದೇ ಬಿಡಿಸಬೇಕು, ‘ಸ್ತೋತ್’ ಎಂದು ಅರ್ಧಕ್ಕೆ ನಿಲ್ಲಿಸಿದರೆ ಹಾಡುವ ಮಗು ಅಲ್ಲಿ ನಾಲಿಗೆ ಕಚ್ಚಿ ನಿಲ್ಲುತ್ತದೆ. ಕೊನೆಯಲ್ಲಿ ವ್ಯಂಜನವಿರುವ ‘ಭಗವಾನ್’ನಂಥ ಪದದಲ್ಲಿ ‘ವಾನ್’ ಒಂದೇ ಸ್ವರದಡಿ ಬರಲಿ. ಶ್ರುತಿ ಬದಲಿಸಿದಾಗ ಸಾಹಿತ್ಯ ತನ್ನ ಸ್ವರದ ಜೊತೆಗೇ ಇರುತ್ತದೆ. ಆದರೆ ಮಧ್ಯದ ಸಿ ಯಂಥ ಕೆಳಸ್ವರಗಳು ಹೆಚ್ಚಾದುದರಿಂದ ಅಕ್ಷರಗಳು ಕೆಳಗೆ ಸರಿಯಬೇಕಾಗಬಹುದು. ಹಿಂದೆ ಕೈಯಿಂದ ಎಳೆದು ಜೋಡಿಸಿದ ಗುರುತುಗಳೇನಾದರೂ ಈಗ ಅಡ್ಡ ಬಂದರೆ, ಅವನ್ನು ಆರಿಸಿ ಕಂಟ್ರೋಲ್ ಮತ್ತು ಆರ್ ಒತ್ತಿ ಮೂಲ ಜಾಗಕ್ಕೆ ಕಳಿಸಿ.

ಇನ್ನು ಫಿನಾಲೆ. 1988ರಲ್ಲಿ ಮೊದಲು ಬಂದ ಆ ಸಾಫ್ಟ್‌ವೇರಿನ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಅದರ ತಯಾರಕರಾದ ಮೇಕ್‌ಮ್ಯೂಸಿಕ್ ಸಂಸ್ಥೆಯವರು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಈಗಾಗಲೇ ಹಾಕಿಕೊಂಡಿರುವ ಕಂಪ್ಯೂಟರುಗಳಲ್ಲಿ ಅದು ನಡೆಯುತ್ತದೆ, ಆದರೆ ಆ ಕಂಪ್ಯೂಟರ್ ಕೆಟ್ಟರೆ ಅಥವಾ ಅದರ ವ್ಯವಸ್ಥೆ ಹೊಸದಾದರೆ ಫೈಲ್‌ಗಳು ಬೀಗ ಹಾಕಿದಂತೆ ಉಳಿದುಬಿಡಬಹುದು. ಆದ್ದರಿಂದ ನಿಮ್ಮ ಸಹೋದ್ಯೋಗಿ ಕಾಯದೆ, ಪ್ರತಿ ಫೈಲನ್ನೂ ಫಿನಾಲೆಯಲ್ಲಿಯೇ ತೆರೆದು ಮ್ಯೂಸಿಕ್ ಎಕ್ಸ್‌ಎಂಎಲ್ ಎಂಬ ಸ್ವರಲಿಪಿ ಫೈಲ್ ರೂಪದಲ್ಲಿ ಒಂದು ಪ್ರತಿ, ಪಿಡಿಎಫ್ ರೂಪದಲ್ಲಿ ಇನ್ನೊಂದು ಪ್ರತಿ ತೆಗೆದಿಡಲಿ. ಮ್ಯೂಸಿಕ್ ಎಕ್ಸ್‌ಎಂಎಲ್ ಯಾವ ಒಂದು ಸಂಸ್ಥೆಯ ಸಾಫ್ಟ್‌ವೇರಿಗೂ ಸೀಮಿತವಲ್ಲ. ಮ್ಯೂಸ್‌ಸ್ಕೋರ್, ಸಿಬೆಲಿಯಸ್, ಡೊರಿಕೊ ಮೂರೂ ಅದನ್ನು ಓದುತ್ತವೆ. ಎಫ್ ಶಾರ್ಪ್ ಎಂದು ಬರೆದದ್ದು ಎಫ್ ಶಾರ್ಪ್ ಆಗಿಯೇ ಉಳಿಯುತ್ತದೆ, ಕೀ ಸಿಗ್ನೇಚರ್, ಸಾಹಿತ್ಯ, ಕಾರ್ಡ್‌ಗಳ ಹೆಸರು, ವಾದ್ಯದ ಟ್ರಾನ್ಸ್‌ಪೊಸಿಶನ್ ಎಲ್ಲವೂ ಜೊತೆಗೆ ಬರುತ್ತವೆ. ಪುಟದ ವಿನ್ಯಾಸ, ಸ್ಲರ್‌ಗಳ (ಸ್ವರಗಳನ್ನು ಕೂಡಿಸುವ ಕಮಾನುಗೆರೆಗಳ) ಬಾಗು ಮುಂತಾದವು ಸ್ವಲ್ಪ ಅತ್ತಿತ್ತಾಗಬಹುದು, ಪಿಡಿಎಫ್ ಪ್ರತಿ ಬೇಕಾಗುವುದು ಅವನ್ನು ಹೋಲಿಸಿ ನೋಡಲು. ಮಿಡಿಯಾಗಿ ಮಾತ್ರ ಉಳಿಸಿಟ್ಟರೆ ಮೇಲೆ ಹೇಳಿದ ಊಹೆಯ ಕಾಟ ಪ್ರತಿ ಹಾಡಿಗೂ ಮರುಕಳಿಸುತ್ತದೆ. ಈಗಿನ ಹಾಡನ್ನು ಕಳಿಸಿದವರ ಬಳಿಯೂ ಮ್ಯೂಸಿಕ್ ಎಕ್ಸ್‌ಎಂಎಲ್ ಪ್ರತಿ ಇದೆಯೇ ಎಂದು ಒಮ್ಮೆ ಕೇಳಿ ನೋಡಿ. ಇದ್ದರೆ ಚಿಹ್ನೆ ತಿದ್ದುವ ಕೆಲಸದ ಬಹುಭಾಗ ಉಳಿಯುತ್ತದೆ.

ಹಾಳೆಗಳನ್ನು ಮುದ್ರಿಸುವಾಗ ಪೂರ್ಣ ಸ್ಕೋರ್‌ನಿಂದ ಬೇರೆ ಫೈಲ್ ಮಾಡಿಕೊಳ್ಳದೆ, ‘ಪಾರ್ಟ್ಸ್’ ಗುಂಡಿಯಿಂದಲೇ ಪ್ರತಿ ವಾದ್ಯದ ಪಾರ್ಟ್ ತೆರೆಯಿರಿ. ಅವು ಸ್ಕೋರ್‌ಗೆ ಜೋಡಿಸಿಕೊಂಡೇ ಇರುವುದರಿಂದ ತಾಲೀಮಿನ ನಂತರ ಸ್ಕೋರ್‌ನಲ್ಲಿ ಒಂದು ಸ್ವರ ತಿದ್ದಿದರೆ ಪಾರ್ಟ್‌ನಲ್ಲಿಯೂ ತಿದ್ದುತ್ತದೆ. ಸ್ಯಾಕ್ಸೊಫೋನಿನ ಉದ್ದದ ವಿರಾಮಗಳನ್ನು ಎಂ ಅಕ್ಷರ ಒತ್ತಿ ಒಂದೇ ಸಂಖ್ಯೆಯಾಗಿ ಕೂಡಿಸಬಹುದು. ಆ ವಿರಾಮದ ಕೊನೆಯ ಎರಡು ಬಾರ್‌ಗಳಲ್ಲಿ ಮಕ್ಕಳು ಹಾಡುವ ಸಾಲಿನ ಸಾಹಿತ್ಯವನ್ನು ಸಣ್ಣದಾಗಿ ಬರೆದುಕೊಟ್ಟರೆ ಹುಡುಗ ಎಣಿಕೆ ತಪ್ಪಿದರೂ ಸರಿಯಾದ ಜಾಗದಲ್ಲಿ ಎತ್ತಿಕೊಳ್ಳುತ್ತಾನೆ.